ಮೈನಸ್ ಐದರ ಪ್ಲೇಟಿಗೂ ಮೈನಸ್ ಆರರ ಪ್ಲೇಟಿಗೂ ಲೆಕ್ಕ ತಾಳೆ ಆಗವಲ್ದು, ಸೀರಿಯಲ್ ಡೈಲ್ಯೂಶನ್ ಗೊತ್ತಿದ್ದವ್ರು ನೋಡ್ರಿ

ಧಾರವಾಡದಾಕಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಪುಣೆದಾಗ ಮೈಕ್ರೋಬಯಾಲಜಿ ಎಂಎಸ್ಸಿ ಮಾಡಾಕತ್ತೀನಿ. ಪ್ರಾಜೆಕ್ಟ್ ಏನಂದ್ರ ಮನ್ಯಾಗ ಹೆಪ್ಪ ಹಾಕಿದ ಮಸರು ಮತ್ತ ಅಂಗಡ್ಯಾಗಿನ ಪಾಕೀಟ್ ಮಸರು ಎರಡನ್ನೂ ಫ್ರಿಜ್ಜಿನ್ಯಾಗ ಇಟ್ಟು, ದಿನಾ ಕಳದಂಗ ಒಳಗಿನ ಬ್ಯಾಕ್ಟೀರಿಯಾ ಎಷ್ಟು ಜೀವಂತ ಉಳೀತಾವ ಅಂತ ಎಣಿಸೋದು. ಮನಿ ಮಸರು ಕರ್ವೆನಗರದಾಗ ನಮ್ಮ ಅತ್ತಿ ಹೆಪ್ಪ ಹಾಕಿ ಕೊಡ್ತಾರ, ಅದಕ್ಕ ಅದರ ಬಗ್ಗೆ ಚಿಂತಿ ಇಲ್ಲ.

ಮಾಡೋದು ಹಿಂಗ: 10 ಗ್ರಾಂ ಮಸರು, 90 ಎಂಎಲ್ ಸ್ಟೆರೈಲ್ ಸಲೈನ್ (0.85 ಪರ್ಸೆಂಟ್), ಬಾಟ್ಲಿ ಕೈಯಿಂದ ಚಲೋತ್ನ್ಯಾಗ ಅಲ್ಲಾಡಸ್ತೀನಿ, ಅದು ಮೈನಸ್ 1, ಅಂದ್ರ 10 ಪಟ್ಟು ತೆಳು. ಅದರಾಗಿಂದ 1 ಎಂಎಲ್ ತಗೊಂಡು 9 ಎಂಎಲ್ ಸಲೈನ್ ಇರೋ ಟ್ಯೂಬಿಗೆ, ಅದರಾಗಿಂದ ಮತ್ತ 1 ಎಂಎಲ್ ಮುಂದಿನ ಟ್ಯೂಬಿಗೆ, ಹಿಂಗ ಪ್ರತಿ ಟ್ಯೂಬಿಗೂ 10 ಪಟ್ಟು ತೆಳು ಮಾಡ್ಕೋತ ಮೈನಸ್ 7 ತನಕ, ಇದ ಸೀರಿಯಲ್ ಡೈಲ್ಯೂಶನ್. ಒಂದೊಂದ್ರಾಗಿಂದ 0.1 ಎಂಎಲ್ ಎಂ17 ಅಗಾರ್ (ಬ್ಯಾಕ್ಟೀರಿಯಾ ಬೆಳಸೋ ಜೆಲ್ಲಿ) ಪ್ಲೇಟ್ ಮ್ಯಾಲೆ ಸ್ಪ್ರೆಡ್ ಮಾಡಿ, 37 ಡಿಗ್ರಿ, 48 ತಾಸು.

ಬಂದಿದ್ದು: ಮೈನಸ್ 5ರಾಗ 264 ಮತ್ತ 260 ಕಾಲನಿ (ಬ್ಯಾಕ್ಟೀರಿಯಾ ಬೆಳದು ಕಣ್ಣಿಗೆ ಕಾಣೋ ಚುಕ್ಕಿ). ಮೈನಸ್ 6ರಾಗ 43 ಮತ್ತ 39. ಮೈನಸ್ 7ರಾಗ 5 ಮತ್ತ 8. ಮೈನಸ್ 5 ಹಿಡದ್ರ ಗ್ರಾಮಿಗೆ ಸುಮಾರು 26 ಕೋಟಿ, ಮೈನಸ್ 6 ಹಿಡದ್ರ 41 ಕೋಟಿ. ಎರಡೂ 30ರಿಂದ 300ರ ಒಳಗ ಅದಾವ, ಅಂದ್ರ ಎರಡೂ ಎಣಿಸಾಕ ಯೋಗ್ಯ ಪ್ಲೇಟೇ. ಲ್ಯಾಬಿನ್ಯಾಗ ಎರಡರ ಸರಾಸರಿ ಬರಿ ಅಂತಾರ, ನನಗ ಮನಸ್ಸು ಒಪ್ಪವಲ್ದು. ಒಂದ ಮಸರಿಗೆ ಎರಡು ಉತ್ತರ ಹ್ಯಾಂಗ?

ಕೊಥ್ರೂಡ್ ಕನ್ನಡಿಗ

ಸರಾಸರಿ ಈಗ್ಲೇ ತಗೋಬೇಡಿ. 262 ಬಂದಿದೆ ಅಂದ್ರೆ ಮುಂದಿನ ಪ್ಲೇಟಲ್ಲಿ 26ರ ಆಸುಪಾಸು ಬರ್ಬೇಕಿತ್ತು. ಪ್ರತಿ ಮೆಟ್ಟಿಲಲ್ಲೂ ಹತ್ತನೇ ಒಂದು ಭಾಗ ಆಗ್ತಿದೆಯಾ ಅಂತ ನೋಡೋದೇ ಈ ಮೆಥಡ್‌ಗೆ ಇರೋ ಒಳಗಿನ ಪರೀಕ್ಷೆ, ಅದನ್ನ ಬಿಟ್ಟು ಬರೀ ಒಂದು ಪ್ಲೇಟ್ ಎಣಿಸಿ ಗುಣಿಸಿಬಿಟ್ರೆ ಉತ್ತರ ಏನೋ ಬರುತ್ತೆ ಆದ್ರೆ ಸರಿ ಇದೆಯಾ ಅನ್ನೋದು ಗೊತ್ತಾಗಲ್ಲ.

ನಾನೊಂದು ಫುಡ್ ಟೆಸ್ಟಿಂಗ್ ಲ್ಯಾಬಲ್ಲಿದೀನಿ, ಇಂಥದ್ದು ಬಂದ್ರೆ ನಾವು ಮೊದ್ಲು ಕೇಳೋದು ಇಷ್ಟು. ಪ್ರತಿ ಟ್ಯೂಬಿಗೂ ಪಿಪೆಟ್ (ದ್ರವ ಅಳೆದು ತೆಗೆಯೋ ಕೊಳವೆ) ಟಿಪ್ ಬದಲಾಯಿಸ್ತೀರಾ? ಟಿಪ್‌ನ ದ್ರವದಲ್ಲಿ ಎಷ್ಟು ಆಳ ಅದ್ದುತೀರಾ? ಪೂರ್ತಿ ಮುಳುಗಿಸಿದ್ರೆ ಟಿಪ್‌ನ ಹೊರಗೋಡೆಗೆ ಅಂಟಿಕೊಂಡಿದ್ದೂ ಮುಂದಿನ ಟ್ಯೂಬಿಗೆ ಹೋಗುತ್ತೆ, ಮೇಲ್ಮೈಯಿಂದ ಒಂದು ಸೆಂಟಿಮೀಟರ್ ಒಳಗೆ ಸಾಕು. ಟ್ಯೂಬ್ ವರ್ಟೆಕ್ಸ್ (ಯಂತ್ರದಲ್ಲಿ ಜೋರಾಗಿ ಅಲುಗಾಡಿಸೋದು) ಮಾಡ್ತೀರಾ, ಕೈಲಿ ತಿರುಗಿಸ್ತೀರಾ? ಮೈನಸ್ 1 ಆದ್ಮೇಲೆ ಕೊನೇ ಪ್ಲೇಟ್ ಹರಡೋ ತನಕ ಎಷ್ಟು ಹೊತ್ತು? ಸ್ಟ್ಯಾಂಡರ್ಡ್ ಪ್ರಕಾರ 45 ನಿಮಿಷ ದಾಟಬಾರ್ದು, ಪುಣೆ ಮೇ ತಿಂಗಳ ಸೆಕೆಯಲ್ಲಿ ನಾನಾದ್ರೆ ಅದರ ಅರ್ಧದಲ್ಲಿ ಮುಗಿಸ್ತೀನಿ.

ಧಾರವಾಡದಾಕಿ

ಟಿಪ್ ಪ್ರತಿ ಸಲ ಹೊಸಾದು. ಆಳ ಅದ್ದಂಗಿಲ್ಲ. ಪ್ರತಿ ಟ್ಯೂಬ್ ವರ್ಟೆಕ್ಸ್ ಮಾಡ್ತೀನಿ. ಎಲ್ಲಾ ಅರ್ಧಾ ತಾಸಿನ್ಯಾಗ ಮುಗೀತೈತಿ.

ಉಡುಪಿ ಟು ಅಂಧೇರಿ

ಇಷ್ಟಕ್ಕೆ ಯಾಕೆ ತಲೆಬಿಸಿ ಮಾರಾಯ್ರೆ. ನಾನು ಮುಂಬೈಯಲ್ಲಿ ಫಾರ್ಮಾ ಕ್ಯೂಸಿಯಲ್ಲಿ (ಔಷಧದ ಗುಣಮಟ್ಟ ಪರೀಕ್ಷೆ) ಇರುವುದು. 26 ಕೋಟಿಗೂ 41 ಕೋಟಿಗೂ ವ್ಯತ್ಯಾಸ 10ರ ಘಾತದ ಲೆಕ್ಕ, ಅಂದ್ರೆ ಲಾಗ್‌ನಲ್ಲಿ ನೋಡಿದ್ರೆ 0.2. ಫಾರ್ಮಕೋಪಿಯಾದಲ್ಲೇ (ಔಷಧ ಗುಣಮಟ್ಟದ ಅಧಿಕೃತ ಪುಸ್ತಕ) 2 ಪಟ್ಟಿನ ತನಕ ಸಡಿಲ ಕೊಟ್ಟಿದ್ದಾರೆ, ಮಿತಿ 100 ಅಂತ ಬರೆದಿದ್ರೆ 200 ಬರುವ ತನಕ ಪಾಸ್. ಸೂಕ್ಷ್ಮಜೀವಿ ಎಣಿಸುವುದು ಅಂದ್ರೆ ಟೈಟ್ರೇಶನ್ ಮಾಡಿದ ಹಾಗೆ ಅಲ್ಲ, ಎರಡನೇ ದಶಾಂಶ ಹುಡುಕಬಾರದು. ಲಾಗ್ 8.5 ಅಂತ ಬರೀರಿ, ಮುಂದೆ ಹೋಗಿ.

ಅಂಕಿಸಂಖ್ಯೆ

ಮೇಲಿನವರ ಮಾತು ಪಾಸು-ಫೇಲಿಗೆ ಸರಿ, ಇಲ್ಲಿಗೆ ಸರಿಯಿಲ್ಲ. ಯಾಕೆ ಅಂತ ಹೇಳ್ತೀನಿ.

ಚೆನ್ನಾಗಿ ಕಲಸಿದ ದ್ರವದಿಂದ 0.1 ಎಂಎಲ್ ತೆಗೆದಾಗ ಎಷ್ಟು ಬರ್ತಾವೆ ಅನ್ನೋದು ಪಾಯ್ಸಾನ್ ಹಂಚಿಕೆ. ಎಣಿಕೆಯ ವರ್ಗಮೂಲ ಎಷ್ಟೋ ಏರಿಳಿತ ಅಷ್ಟು. 25 ಎಣಿಸಿದ್ರೆ 5, ಅಂದ್ರೆ 20 ಪರ್ಸೆಂಟ್. 100 ಎಣಿಸಿದ್ರೆ 10, ಅಂದ್ರೆ 10 ಪರ್ಸೆಂಟ್. 30ಕ್ಕಿಂತ ಕಡಿಮೆ ಪ್ಲೇಟ್ ಬೇಡ ಅನ್ನೋದಕ್ಕೆ ಕಾರಣ ಇದೇ. 300ರ ಮೇಲೆ ಬೇಡ ಅನ್ನೋದಕ್ಕೆ ಕಾರಣ ಬೇರೆ, ಅಲ್ಲಿ ಕಾಲನಿಗಳು ಒಂದರ ಮೇಲೊಂದು ಬೀಳ್ತವೆ, ಊಟಕ್ಕೆ ಪೈಪೋಟಿ ಆಗುತ್ತೆ, ಎಣಿಕೆ ಕಮ್ಮಿ ಬರುತ್ತೆ.

ಈಗ ನಿಮ್ಮ ಅಂಕಿ. ಮೈನಸ್ 6ರ ಎರಡು ಪ್ಲೇಟ್ ಸೇರಿ 52 ಬರ್ಬೇಕಿತ್ತು, 82 ಬಂದಿದೆ. 52ರ ವರ್ಗಮೂಲ ಸುಮಾರು 7. ವ್ಯತ್ಯಾಸ 30, ಅಂದ್ರೆ ನಾಲ್ಕು ಪಟ್ಟು. ಆಕಸ್ಮಿಕವಾಗಿ ಇಷ್ಟು ಬರೋದು ಬಹಳ ಅಪರೂಪ. ಏನೋ ನಡೀತಾ ಇದೆ. ಮೈನಸ್ 7ರ 5 ಮತ್ತು 8ರ ಮೇಲೆ ಮಾತ್ರ ಏನನ್ನೂ ಕಟ್ಟೋಕಾಗಲ್ಲ, ತೀರಾ ಚಿಕ್ಕ ಸಂಖ್ಯೆ.

ಧಾರವಾಡದಾಕಿ

ಅಂಧೇರಿ ಅಣ್ಣಾರ, ನನ್ನ ಪ್ರಶ್ನೀನ ಇಳಿಕಿ ಎಷ್ಟು ಅಂತ. ಫ್ರಿಜ್ಜಿನ್ಯಾಗ ಇಟ್ಟ ಮಸರಿನ್ಯಾಗ ಸಂಖ್ಯೆ ಒಮ್ಮೆಲೇ ನೂರು ಪಟ್ಟು ಬೀಳಂಗಿಲ್ಲ, ನಿಧಾನಕ ಇಳೀತೈತಿ. ಆ ಇಳಿಕೀನ 0.2 ಲಾಗ್ ಇದ್ರ ನಾ ಏನ್ ಅಳದಂಗಾತು?

ನಿವೃತ್ತ ಮೇಷ್ಟ್ರು

ಮಗಳೇ, ನೀನು ಪ್ರಶ್ನೆ ಸರಿಯಾಗಿಯೇ ಕೇಳಿದ್ದೀಯ. ಆದರೆ ಎಲ್ಲರೂ ಪಿಪೆಟ್ಟು ನೋಡುತ್ತಿದ್ದಾರೆ, ಮೊಸರನ್ನು ಯಾರೂ ನೋಡುತ್ತಿಲ್ಲ.

ಎಂ17 ಮೇಲೆ ನೀನು ಎಣಿಸುತ್ತಿರುವುದು ಸ್ಟ್ರೆಪ್ಟೋಕಾಕಸ್, ಲ್ಯಾಕ್ಟೋಕಾಕಸ್ ಜಾತಿಯವು. ಇವು ಒಂಟಿಯಾಗಿ ಇರುವುದಿಲ್ಲ, ಮಲ್ಲಿಗೆ ಮಾಲೆಯಂತೆ ಉದ್ದಕ್ಕೆ ಸರಪಳಿ ಕಟ್ಟಿಕೊಂಡಿರುತ್ತವೆ. ಇಪ್ಪತ್ತು ಕೋಶದ ಸರಪಳಿ ಅಗಾರ್ ಮೇಲೆ ಬಿದ್ದರೂ ಎದ್ದು ಬರುವುದು ಒಂದೇ ಕಾಲನಿ. ಅದನ್ನು ಮುರಿದು ನಾಲ್ಕು ತುಂಡು ಮಾಡಿದರೆ ನಾಲ್ಕು ಕಾಲನಿ. ಅದರ ಮೇಲೆ ಮೊಸರಿನ ಕೇಸೀನ್ (ಹಾಲಿನ ಪ್ರೋಟೀನ್) ಗಡ್ಡೆ, ಅದರೊಳಗೆ ನೂರಾರು ಕೋಶ ಸಿಕ್ಕಿಹಾಕಿಕೊಂಡಿರುತ್ತವೆ. ನೀನು ಮೈನಸ್ 1 ಬಾಟಲಿಯನ್ನು ಕೈಯಲ್ಲಿ ಅಲ್ಲಾಡಿಸಿದೆ, ಆಮೇಲೆ ಪ್ರತಿ ಟ್ಯೂಬನ್ನೂ ವರ್ಟೆಕ್ಸ್ ಮಾಡಿದೆ. ಅಂದರೆ ಕೆಳಗಿನ ಟ್ಯೂಬಿಗೆ ಹೋದಷ್ಟೂ ಆ ದ್ರವ ಹೆಚ್ಚು ಸಲ ಅಲುಗಾಡಿದೆ, ಸರಪಳಿ ಹೆಚ್ಚು ಮುರಿದಿದೆ. ಹಾಗಾಗಿ ಮೈನಸ್ 6ರಲ್ಲಿ ನಿರೀಕ್ಷೆಗಿಂತ ಹೆಚ್ಚು. ನನ್ನ ಅನುಮಾನ ಇದರ ಮೇಲೆ.

ಮೈನಸ್ 1ರ ಒಂದು ತೊಟ್ಟು ತೆಗೆದು ಗ್ರಾಂ ಸ್ಟೇನ್ (ಬ್ಯಾಕ್ಟೀರಿಯಾಕ್ಕೆ ಬಣ್ಣ ಕಟ್ಟುವುದು) ಮಾಡಿ ಮೈಕ್ರೋಸ್ಕೋಪಿನ 100 ಎಕ್ಸ್ ಆಯಿಲ್‌ನಲ್ಲಿ ನೋಡು. ಇನ್ನೊಂದು, ಮನೆ ಮೊಸರು ಅಂದರೆ ಲ್ಯಾಕ್ಟೋಕಾಕಸ್ಸೂ ಇರುತ್ತದೆ, ಅದಕ್ಕೆ 30 ಡಿಗ್ರಿ ಹಿತ. ಒಂದು ಜೊತೆ ಪ್ಲೇಟ್ ಅಲ್ಲಿಯೂ ಇಡು.

ಹಾಲಿನ ಬ್ಯಾಕ್ಟೀರಿಯಾಕ್ಕೂ ಡೈಲ್ಯೂಶನ್ನಿಗೂ ಹಳೆಯ ನಂಟು. 1878ರಲ್ಲಿ ಜೋಸೆಫ್ ಲಿಸ್ಟರ್ ಹುಳಿ ಬಂದ ಹಾಲನ್ನು ಒಂದು ಹನಿಯಲ್ಲಿ ಒಂದೋ ಸೊನ್ನೆಯೋ ಜೀವಿ ಇರುವಷ್ಟು ತೆಳು ಮಾಡಿ, ಆ ಹನಿಗಳನ್ನು ಕುದಿಸಿದ ಹಾಲಿನ ಲೋಟಗಳಿಗೆ ಹಾಕಿದ. ಕೆಲವು ಲೋಟ ಹೆಪ್ಪಾದವು, ಕೆಲವು ಹಾಗೇ ಉಳಿದವು. ಹೆಪ್ಪಾದುದರಲ್ಲಿ ಶುದ್ಧವಾದ ಒಂದೇ ಜಾತಿ. ಈಗ ನಾವು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಅನ್ನುವುದು ಅದನ್ನೇ. ನಾವು ಪ್ಲೇಟ್ ಅನ್ನುವ ಪೆಟ್ರಿಯ ತಟ್ಟೆ ಬಂದದ್ದು ಆಮೇಲೆ, 1887ರಲ್ಲಿ.

ಪಣಜಿಯ ಕಾರವಾರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೆ. ನಾವು ಇಲ್ಲಿ ಗೋವಾದಲ್ಲಿ ಮಾಂಡವಿ, ಜುವಾರಿ ಅಳಿವೆ ನೀರಲ್ಲಿ ಕೆಲಸ ಮಾಡೋರು, ನಮ್ಗೆ ಇದೇ ರೋಗ ಬೇರೆ ರೂಪದಲ್ಲಿ. ಮಳೆಗಾಲದ ನೀರಲ್ಲಿ ಮಣ್ಣಿನ ಕಣ ತುಂಬಿರ್ತದೆ, ಒಂದೊಂದು ಕಣಕ್ಕೂ ಬ್ಯಾಕ್ಟೀರಿಯಾ ಹಿಂಡು ಹಿಂಡಾಗಿ ಅಂಟಿರ್ತದೆ, ಅದನ್ನ ಬಿಡಿಸದೇ ಪ್ಲೇಟ್ ಮಾಡಿದ್ರೆ ಕಣಗಳನ್ನ ಎಣಿಸಿದ ಹಾಗೆ. ಸ್ವಲ್ಪ ಟ್ವೀನ್ 80 (ಸೋಪಿನಂಥ ದ್ರವ) ಹಾಕಿ, ಅಥವಾ ಐಸ್ ಮೇಲಿಟ್ಟು ಅರೆಕ್ಷಣ ಸೋನಿಕೇಟ್ (ಕಿವಿಗೆ ಕೇಳದ ಶಬ್ದದ ಅಲೆಯಿಂದ ಅಲುಗಿಸೋದು) ಮಾಡಿ ಬಿಡಿಸ್ತೇವೆ.

ಡೈಲ್ಯೂಯೆಂಟ್ (ತೆಳು ಮಾಡೋ ದ್ರವ) ವಿಷಯಾನೂ ಮರೀಬೇಡಿ. ಸಮುದ್ರದ ಜೀವಿಗೆ ನಿಮ್ಮ 0.85 ಸಲೈನ್ ಕೊಟ್ರೆ ಒಡೆದು ಸಾಯ್ತವೆ, ನಾವು ಸಮುದ್ರದ ನೀರನ್ನೇ ಫಿಲ್ಟರ್ ಮಾಡಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲೋದು) ಮಾಡಿ ಬಳಸ್ತೇವೆ. ಯಾರೂ ಬರೀ ಡಿಸ್ಟಿಲ್ಡ್ ವಾಟರ್ ಹಾಕಬೇಡಿ, ಯಾವ ಸ್ಯಾಂಪಲ್ಲಿಗೂ.

ಇಷ್ಟೆಲ್ಲಾ ಮಾಡಿದ್ರೂ ಪ್ಲೇಟ್ ಮೇಲೆ ಏಳೋದು ಇರೋದ್ರಲ್ಲಿ ನೂರಕ್ಕೆ ಒಂದೂ ಇಲ್ಲ. ಡಾಪಿ (ಕೋಶ ಹೊಳೆಯೋ ಹಾಗೆ ಮಾಡೋ ಬಣ್ಣ) ಹಾಕಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಸಮುದ್ರದ ಒಂದು ಎಂಎಲ್ ನೀರಲ್ಲಿ ಹತ್ತು ಲಕ್ಷದ ಹತ್ತಿರ ಕೋಶ ಕಾಣ್ತದೆ, ಅದೇ ನೀರು ಪ್ಲೇಟಲ್ಲಿ ಕೆಲವು ಸಾವಿರ ಕೊಟ್ರೆ ದೊಡ್ಡದು. 1985ರಲ್ಲಿ ಸ್ಟೇಲಿ ಮತ್ತು ಕೊನೋಪ್ಕಾ ಈ ಅಂತರದ ಬಗ್ಗೆ ಬರೆದ್ರು. ಮಸರಲ್ಲಿ ಹಾಗಿಲ್ಲ, ಹೆಪ್ಪಿನವು ಹೆಚ್ಚಿನವು ಬೆಳೀತವೆ, ಆದ್ರಿಂದ ನಿಮ್ಮ ಅಂಕಿಗೆ ಬೆಲೆ ಉಂಟು, ಅದನ್ನ ಸರಿ ಮಾಡ್ಕೊಳ್ಳೋದು ಸಾರ್ಥಕ.

ಅಂಕಿಸಂಖ್ಯೆ

ಮೇಷ್ಟ್ರ ಊಹೆ ನನಗೂ ಸರಿ ಅನ್ಸುತ್ತೆ, ಆದ್ರೆ ಊಹೆ ಮೇಲೆ ನಿಲ್ಲೋದು ಬೇಡ, ಪರೀಕ್ಷೆ ಮಾಡಿ ಬೇರ್ಪಡಿಸಬಹುದು. ಸರಪಳಿ ಕಟ್ಟದ ಒಂದು ಬ್ಯಾಕ್ಟೀರಿಯಾ ತಗೊಳ್ಳಿ. ಇ. ಕೋಲೈ ಒಂಟಿ ಕಡ್ಡಿ, ಸಾಕು. ಪುಣೆಯಲ್ಲೇ ಇದೀರ, ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಎನ್‌ಸಿಎಲ್‌ನ ಎನ್‌ಸಿಐಎಂ ಸೂಕ್ಷ್ಮಜೀವಿ ಸಂಗ್ರಹದ ಸ್ಟ್ರೇನ್ (ತಳಿ) ನಿಮ್ಮ ಲ್ಯಾಬಲ್ಲಿ ಇದ್ದೇ ಇರುತ್ತೆ. ಅದೇ ಟ್ಯೂಬು, ಅದೇ ಪಿಪೆಟ್, ಅದೇ ಕೈ. ಅಲ್ಲಿ ಹತ್ತು ಪಟ್ಟು ಸರಿಯಾಗಿ ಇಳಿದ್ರೆ ದೋಷ ಮಸರಲ್ಲಿದೆ, ಇಳೀಲಿಲ್ಲ ಅಂದ್ರೆ ಕ್ರಮದಲ್ಲಿದೆ.

ಧಾರವಾಡದಾಕಿ

ಮಾಡೇನ್ರಿ. ಇ. ಕೋಲೈ ಮೈನಸ್ 5ರಾಗ 187, ಮೈನಸ್ 6ರಾಗ 20. ಚಲೋ ಇಳದೈತಿ.

ಮೈನಸ್ 1 ಮಸರಿನ ಸ್ಲೈಡ್ ನೋಡಿದ್ರ, ಮೇಷ್ಟ್ರ, ನೀವು ಹೇಳಿದ್ದು ಎದುರಿಗೇ ಕಂಡ್ತು. ನೇರಳೆ ಬಣ್ಣದ ಸರಪಳಿ ಫೀಲ್ಡಿನ ಈ ಕಡೆಯಿಂದ ಆ ಕಡಿಗೆ ಬಾಗಿ ಬಾಗಿ ಹೋಗ್ಯಾವ, ನಡುವ ತೆಳು ಗುಲಾಬಿ ಮಸಿ ಬಡದಂಗ ಕೇಸೀನ್ ಗಡ್ಡಿ, ಅದರ ಅಂಚಿಗೆ ಕಾಕಸ್ (ಗುಂಡನ್ನ ಬ್ಯಾಕ್ಟೀರಿಯಾ) ಗುಂಪು ಗುಂಪಾಗಿ ಅಂಟ್ಯಾವ. ಅದ ಮೈನಸ್ 1ನ್ನ ಬ್ಯಾರೆ ಟ್ಯೂಬಿನ್ಯಾಗ ಗ್ಲಾಸ್ ಬೀಡ್ಸ್ ಹಾಕಿ ವರ್ಟೆಕ್ಸ್ ಮಾಡಿ ನೋಡಿದ್ರ ಜೋಡಿ ಜೋಡಿ, ಹೆಚ್ಚಂದ್ರ ನಾಕೈದು ಕೋಶದ ತುಂಡು.

ಕೊಥ್ರೂಡ್ ಕನ್ನಡಿಗ

ಸಕತ್. ಆದ್ರೆ ಒಂದು ನಿಮಿಷ, 9 ಎಂಎಲ್ ಟ್ಯೂಬ್ ಅಂದ್ರಲ್ಲ, 9 ಎಂಎಲ್ ಹಾಕಿ ಆಮೇಲೆ ಆಟೋಕ್ಲೇವ್ ಮಾಡ್ತೀರಾ, ಆಟೋಕ್ಲೇವ್ ಆದ್ಮೇಲೆ ಹಾಕ್ತೀರಾ? ಹತ್ತಿ ಮುಚ್ಚಳನಾ ಸ್ಕ್ರೂ ಕ್ಯಾಪಾ?

ಧಾರವಾಡದಾಕಿ

ಮೊದಲ 9 ಎಂಎಲ್ ಹಾಕಿ ಹತ್ತಿ ಇಟ್ಟು ಆಟೋಕ್ಲೇವ್, ಲ್ಯಾಬಿನ ಪದ್ಧತಿ ಹಂಗ. 90 ಎಂಎಲ್ ಬಾಟ್ಲಿ ಅಷ್ಟ ಆಟೋಕ್ಲೇವ್ ಆದ ಮ್ಯಾಲೆ ಅಳದು ಹಾಕ್ತೀವಿ. ಯಾಕ್ರಿ?

ಕೊಥ್ರೂಡ್ ಕನ್ನಡಿಗ

ಟ್ಯೂಬ್‌ಗಳನ್ನ ತೂಕ ಮಾಡಿ ನೋಡಿ. ಖಾಲಿ ಟ್ಯೂಬಿನ ತೂಕ ಕಳೆದ್ರೆ ಗ್ರಾಂ ಎಷ್ಟೋ ಎಂಎಲ್ ಹತ್ತತ್ರ ಅಷ್ಟೇ. ಹತ್ತಿ ಮುಚ್ಚಳದ ಟ್ಯೂಬಲ್ಲಿ ಆವಿ ಹೋಗುತ್ತೆ, ಅದ್ರಲ್ಲೂ ಸ್ಟೀಮ್ ಬೇಗ ಬಿಟ್ಟುಬಿಟ್ರೆ ಒಳಗಿನ ದ್ರವ ಕುದ್ದು ಇನ್ನೂ ಕಮ್ಮಿ ಆಗುತ್ತೆ. ಸ್ಟೆರಿಲೈಸ್ ಆದ್ಮೇಲೆ 9 ಎಂಎಲ್ ಇರ್ಬೇಕು, 2 ಪರ್ಸೆಂಟ್ ಆಚೀಚೆ ಅಷ್ಟೇ.

ಧಾರವಾಡದಾಕಿ

ತೂಕ ಮಾಡಿದೆ. 8.4ರಿಂದ 8.8 ತನಕ ಅದಾವ, ಸರಾಸರಿ 8.6. ಒಂದರಾಗೂ 9 ಇಲ್ಲ. ಆದ್ರ ಇ. ಕೋಲೈ ಮೆಟ್ಟಲ ಸರಿ ಬಂತಲ್ರಿ? ಟ್ಯೂಬ್ ತಪ್ಪಿದ್ರ ಅದೂ ತಪ್ಪಬೇಕಿತ್ತಲ್ಲ?

ಅಂಕಿಸಂಖ್ಯೆ

ಅಲ್ಲೇ ಇರೋದು ಸೂಕ್ಷ್ಮ. 8.6ಕ್ಕೆ 1 ಸೇರಿಸಿದ್ರೆ 9.6. ಪ್ರತಿ ಮೆಟ್ಟಿಲಲ್ಲಿ ನೀವು 10 ಪಟ್ಟು ಅನ್ಕೊಂಡಿದ್ದು ನಿಜವಾಗಿ 9.6 ಪಟ್ಟು. 187ನ 9.6ರಿಂದ ಭಾಗಿಸಿದ್ರೆ 19.5, 10ರಿಂದ ಭಾಗಿಸಿದ್ರೆ 18.7. 20 ಬಂದ ಪ್ಲೇಟಿನ ಆಕಸ್ಮಿಕ ಏರಿಳಿತವೇ ನಾಲ್ಕೂವರೆ, ಅದ್ರಲ್ಲಿ ಈ ಒಂದು ಕಾಲನಿ ವ್ಯತ್ಯಾಸ ಎಲ್ಲಿ ಕಾಣುತ್ತೆ? ಒಂದೇ ಮೆಟ್ಟಿಲಲ್ಲಿ ಕಾಣಲ್ಲ. ಆದ್ರೆ ಇದು ಆಕಸ್ಮಿಕ ಅಲ್ಲ, ಪ್ರತಿ ಸಲ ಒಂದೇ ದಿಕ್ಕಿಗೆ ಎಳೆಯುತ್ತೆ, ಮೆಟ್ಟಿಲು ಇಳಿದಷ್ಟೂ ಗುಣಿಸ್ತಾ ಹೋಗುತ್ತೆ. ಮೈನಸ್ 6ಕ್ಕೆ ಬರೋಷ್ಟರಲ್ಲಿ ಐದು ಟ್ಯೂಬ್ ದಾಟಿದೀರ. 0.96ನ ಐದು ಸಲ ಗುಣಿಸಿದ್ರೆ 0.815. ನೀವು ಬರೆದ 41 ಕೋಟಿ ನಿಜಕ್ಕೂ 33 ಕೋಟಿ.

ಇನ್ನೊಂದು ತಪ್ಪು ಬಹಳ ಕಡೆ ನಡೆಯುತ್ತೆ, 10 ಎಂಎಲ್ ಇರೋ ಟ್ಯೂಬಿಗೆ 1 ಎಂಎಲ್ ಹಾಕೋದು. ಅದು 11 ಪಟ್ಟು. ಆರು ಮೆಟ್ಟಿಲಿಗೆ 11ನ ಆರು ಸಲ ಗುಣಿಸಿ, 17,71,561 ಬರುತ್ತೆ, ನೀವು ಬರೆಯೋದು ಹತ್ತು ಲಕ್ಷ. ಇರೋದ್ರಲ್ಲಿ ಅರ್ಧದ ಹತ್ತಿರ ಮಾಯ.

ಇಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ. ಸರಪಳಿ ನಿಮ್ಮ ಎಣಿಕೆಯನ್ನ ಕೆಳಗೆ ಎಳೀತಿದೆ, ಆವಿಯಾದ ಟ್ಯೂಬ್ ಮೇಲೆ ಎಳೀತಿದೆ. ಎರಡೂ ಒಂದನ್ನೊಂದು ಮುಚ್ಚಿಕೊಂಡು ಕೂತಿವೆ. ಒಂದನ್ನ ಮಾತ್ರ ಸರಿ ಮಾಡಿದ್ರೆ ಉತ್ತರ ಇನ್ನೊಂದು ಕಡೆ ವಾಲುತ್ತೆ.

ಕೊಥ್ರೂಡ್ ಕನ್ನಡಿಗ

ಪರಿಹಾರ ಸುಲಭ. ಸಲೈನ್ ದೊಡ್ಡ ಬಾಟ್ಲಲ್ಲಿ ಒಟ್ಟಿಗೆ ಆಟೋಕ್ಲೇವ್ ಮಾಡಿ, ಖಾಲಿ ಟ್ಯೂಬ್ ಬೇರೆ ಮಾಡಿ, ಆಮೇಲೆ ಲ್ಯಾಮಿನಾರ್ ಫ್ಲೋ (ಶುದ್ಧ ಗಾಳಿಯ ಪೆಟ್ಟಿಗೆ) ಒಳಗೆ ಸ್ಟೆರೈಲ್ ಪಿಪೆಟ್ಟಲ್ಲಿ 9 ಎಂಎಲ್ ಹಾಕಿ. ಮೈನಸ್ 1ಕ್ಕೆ ಸಲೈನ್ ಬದಲು 2 ಪರ್ಸೆಂಟ್ ಸೋಡಿಯಂ ಸಿಟ್ರೇಟ್ ಬಳಸಿ, ಚೀಸ್‌ಗೆ ನಾವು ಅದನ್ನೇ ಬಳಸೋದು, ಕ್ಯಾಲ್ಸಿಯಂ ಹಿಡ್ಕೊಂಡು ಕೇಸೀನ್ ಗಡ್ಡೆ ಕರಗಿಸುತ್ತೆ. ಜೊತೆಗೆ ಬೀಡ್ಸ್. ಮಿಕ್ಸಿ ಥರದ ಬ್ಲೆಂಡರ್ ಬೇಡ, ಹೆಚ್ಚು ಹೊತ್ತು ಓಡಿಸಿದ್ರೆ ಬಿಸಿ ಆಗಿ ಕೋಶ ಸಾಯೋಕೆ ಶುರು.

ಉಡುಪಿ ಟು ಅಂಧೇರಿ

ಟ್ಯೂಬ್ ತೂಕದ ಮಾತು ಒಪ್ಪಿದೆ, ನಮ್ಮಲ್ಲೂ ಇದನ್ನು ರೆಕಾರ್ಡ್ ಮಾಡ್ತೇವೆ. ಆದ್ರೆ ಸರಪಳಿ ಮುರಿಯುವುದಕ್ಕೆ ನನ್ನ ಆಕ್ಷೇಪ ಉಂಟು. ಎಷ್ಟು ಮುರಿದ್ರೆ ಸರಿ ಅಂತ ಯಾರು ಹೇಳುವುದು? ಇವತ್ತು ಒಂದು ನಿಮಿಷ ವರ್ಟೆಕ್ಸ್, ನಾಳೆ ಎರಡು ನಿಮಿಷ, ಸಂಖ್ಯೆ ಬೇರೆ ಬೇರೆ. ಏನೂ ಮುರಿಯದಿದ್ರೆ ಕಡೇಪಕ್ಷ ಎಲ್ಲರದ್ದೂ ಒಂದೇ ಕ್ರಮ.

ನಿವೃತ್ತ ಮೇಷ್ಟ್ರು

ಆಕ್ಷೇಪ ನ್ಯಾಯವಾದದ್ದೇ. ಆದರೆ ಏನೂ ಮುರಿಯದಿರುವುದು ಸಾಧ್ಯವಿಲ್ಲ, ವರ್ಟೆಕ್ಸ್ ಹೇಗೂ ಮುರಿಯುತ್ತಿದೆ, ನಮಗೆ ಗೊತ್ತಿಲ್ಲದ ಪ್ರಮಾಣದಲ್ಲಿ. ಅದಕ್ಕಿಂತ ಮೊದಲ ಬಾಟಲಿಯಲ್ಲೇ, ಇನ್ನು ಅಲ್ಲಾಡಿಸಿದರೂ ಎಣಿಕೆ ಏರದು ಅನ್ನುವ ಹಂತಕ್ಕೆ ತಲುಪಿಸಿ ಅಲ್ಲಿಂದ ಶುರು ಮಾಡುವುದು ಮೇಲು. ಅರ್ಧ ನಿಮಿಷ, ಒಂದು, ಎರಡು, ನಾಲ್ಕು ನಿಮಿಷ ಅಲ್ಲಾಡಿಸಿ ಪ್ರತಿಯೊಂದರಿಂದಲೂ ಪ್ಲೇಟ್ ಮಾಡು. ಎಣಿಕೆ ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಆಮೇಲೆ ಇಳಿಯಲೂಬಹುದು. ನಿಂತ ಜಾಗವೇ ನಿನ್ನ ಸಮಯ.

ಅಷ್ಟು ಪ್ಲೇಟ್ ಎಲ್ಲಿಂದ ತರಲಿ ಅನ್ನಬೇಡ. ಮೈಲ್ಸ್ ಮತ್ತು ಮಿಸ್ರಾ 1938ರಲ್ಲಿ ಪ್ರಕಟಿಸಿದ ಹನಿ ವಿಧಾನ ಬಳಸು. ಪ್ಲೇಟಿನ ತಳವನ್ನು ಗೆರೆ ಎಳೆದು ಭಾಗ ಮಾಡಿ ಒಂದೊಂದು ಭಾಗದಲ್ಲಿ 20 ಮೈಕ್ರೋಲೀಟರಿನ ಹನಿ ಬಿಡುವುದು, ಹರಡುವುದು ಬೇಡ, ಹೀರಿಕೊಳ್ಳಲು ಬಿಟ್ಟು ಆಮೇಲೆ ಬೋರಲು ಹಾಕುವುದು. ಒಂದು ಪ್ಲೇಟಿನಲ್ಲಿ ಆರೇಳು ಹನಿ ಹಿಡಿಯುತ್ತದೆ. ಅಗಾರ್ ಮೇಲ್ಮೈ ಮೊದಲೇ ಚೆನ್ನಾಗಿ ಒಣಗಿರಲಿ, ಇಲ್ಲದಿದ್ದರೆ ಹನಿಗಳು ಓಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಧಾರವಾಡದಾಕಿ

ಹನಿ ವಿಧಾನ ಭಾಳ ಉಪಯೋಗ ಆತ್ರಿ ಮೇಷ್ಟ್ರ. ಸಿಟ್ರೇಟ್ ಮತ್ತ ಬೀಡ್ಸ್ ಜೋಡಿ ಎರಡು ನಿಮಿಷಕ್ಕ ಎಣಿಕಿ ನಿಂತ್ತು, ನಾಕು ನಿಮಿಷಕ್ಕೂ ಅಷ್ಟ. ಎರಡು ನಿಮಿಷ ಅಂತ ಗಟ್ಟಿ ಮಾಡೇನಿ. ಟ್ಯೂಬಿಗೆ ಸಲೈನ್ ಆಟೋಕ್ಲೇವ್ ಆದ ಮ್ಯಾಲೆ ಹಾಕಿ, ತೂಕಾನೂ ಮಾಡಿ, ಮತ್ತ ಪೂರ್ತಿ ಸ್ಪ್ರೆಡ್ ಪ್ಲೇಟ್ ಮಾಡಿದೆ, ಹೊಸ ಮಸರು, ಅದ ಹೆಪ್ಪಿಂದು.

ಮೈನಸ್ 5: ಎಣಿಸಾಕ ಬರದಷ್ಟು. ಮೈನಸ್ 6: 61 ಮತ್ತ 55. ಮೈನಸ್ 7: 5 ಮತ್ತ 7. ಈಗ ಮೆಟ್ಟಲ ಕೂಡ್ತು. ಇದನ್ನ ಹ್ಯಾಂಗ ಒಂದ ಸಂಖ್ಯೆ ಮಾಡ್ಲಿ? ಮೈನಸ್ 7 ಬಿಟ್ಟುಬಿಡ್ಲ್ಯಾ?

ಅಂಕಿಸಂಖ್ಯೆ

ಬಿಡಬೇಡಿ, ಸರಾಸರಿಗಳ ಸರಾಸರಿಯನ್ನೂ ತಗೋಬೇಡಿ. ಐಎಸ್‌ಒ 7218ರಲ್ಲಿರೋ ಹಾಗೆ (ಸೂಕ್ಷ್ಮಜೀವಿ ಪರೀಕ್ಷೆಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ಎಲ್ಲಾ ಕಾಲನಿ ಕೂಡಿಸಿ, ಒಟ್ಟು ಎಷ್ಟು ಮೂಲ ಸ್ಯಾಂಪಲ್ ಪ್ಲೇಟಿಗೆ ಬಿತ್ತೋ ಅದರಿಂದ ಭಾಗಿಸಿ. ಕಾಲನಿ 61, 55, 5, 7, ಒಟ್ಟು 128. ಮೈನಸ್ 6ರ ಎರಡು ಪ್ಲೇಟ್ ಅಂದ್ರೆ 2, ಮೈನಸ್ 7ರ ಎರಡು ಪ್ಲೇಟ್ ಅದರ ಹತ್ತನೇ ಒಂದು ಅಂದ್ರೆ 0.2, ಸೇರಿ 2.2. ಅದನ್ನ 0.1 ಎಂಎಲ್‌ನಿಂದ ಗುಣಿಸಿ 0.22. 128ನ 0.22ರಿಂದ ಭಾಗಿಸಿದ್ರೆ 582, ಮೈನಸ್ 6 ಹಿಡಿದ ಲೆಕ್ಕ ಆದ್ರಿಂದ ಅದು ಹತ್ತು ಲಕ್ಷ ಪಟ್ಟು, 58 ಕೋಟಿ. ಗ್ರಾಮಿಗೆ 5.8 × 10⁸ ಕಾಲನಿ ಕಟ್ಟೋ ಘಟಕ, ಅಂದ್ರೆ ಸಿಎಫ್‌ಯು, ಎರಡೇ ಅಂಕಿ ಬರೀರಿ, ಮೂರನೇದು ಬೇಡ. 128ರ ವರ್ಗಮೂಲ 11, ಅಂದ್ರೆ ಎಣಿಕೆಯ ಏರಿಳಿತ 9 ಪರ್ಸೆಂಟ್ ಹತ್ತಿರ, ಅದನ್ನೂ ಪಕ್ಕದಲ್ಲಿ ಬರೀರಿ.

ಉಡುಪಿ ಟು ಅಂಧೇರಿ

26ರಿಂದ 58ಕ್ಕೆ. ಇದು 2 ಪಟ್ಟಿಗೂ ಮೇಲೆ, ಇದನ್ನು ನಾನೂ ಬಿಟ್ಟುಕೊಡುವುದಿಲ್ಲ. ಮಸರು ಬೇರೆ ದಿನದ್ದು ಅನ್ನುವುದು ನೆನಪಿರಲಿ, ಒಂದೇ ಪಾತ್ರೆಯ ಮಸರಲ್ಲಿ ಹಳೇ ಕ್ರಮ ಹೊಸ ಕ್ರಮ ಎರಡೂ ಒಟ್ಟಿಗೆ ಮಾಡಿದ್ರೆ ಗೈಡಿಗೆ ತೋರಿಸಲಿಕ್ಕೆ ಗಟ್ಟಿ ಆಗ್ತದೆ.

ಧಾರವಾಡದಾಕಿ

ಹೌದ್ರಿ, ಅದನ್ನ ಮಾಡ್ತೀನಿ. ಕಡೇ ಪ್ರಶ್ನೆ: ಪಾಕೀಟ್ ಮಸರಿಂದು ಹಳೇ ಪದ್ಧತಿಲೆ ಮಾಡಿದ ಅಂಕಿ ಅದಾವಲ್ಲ, ಅವನ್ನ 2.2ರಿಂದ ಗುಣಿಸಿ ಇಟ್ಕೋಬಹುದ?

ನಿವೃತ್ತ ಮೇಷ್ಟ್ರು

ಬೇಡ. ಆವಿಯ ಲೆಕ್ಕವನ್ನಾದರೂ ಗುಣಿಸಿ ಸರಿ ಮಾಡಬಹುದು, ಸರಪಳಿಯದ್ದು ಆಗುವುದಿಲ್ಲ. ಪಾಕೀಟಿನ ಸ್ಟಾರ್ಟರ್ (ಹೆಪ್ಪು) ಬೇರೆ, ಅದರ ಸರಪಳಿ ಎಷ್ಟು ಉದ್ದವೋ, ಗಡ್ಡೆ ಎಷ್ಟು ಗಟ್ಟಿಯೋ ನಿನಗೆ ಗೊತ್ತಿಲ್ಲ. ಫ್ರಿಜ್ಜಿನಲ್ಲಿ ದಿನ ಕಳೆದಂತೆ ಅದೂ ಬದಲಾಗಬಹುದು. ಎರಡೂ ಮೊಸರನ್ನು ಹೊಸ ಕ್ರಮದಲ್ಲಿ ಮೊದಲ ದಿನದಿಂದ ಮತ್ತೆ ಶುರು ಮಾಡು. ಪಾಕೀಟಿಗೂ ಎರಡು ನಿಮಿಷವೇ ಸಾಕೇ ಅನ್ನುವುದನ್ನು ಮೊದಲು ಹನಿ ವಿಧಾನದಲ್ಲಿ ನೋಡಿಕೋ.